ಯೋಗವೂ ಕ್ಷೇಮವೂ

‘ಯೋಗಕ್ಷೇಮ’ ಎಂಬುದು ನಮ್ಮ ಹಿರಿಯರು ಕಾಗದ ಬರೆಯುವಾಗ ತಪ್ಪದೆ ಬಳಸುತ್ತಿದ್ದ ಮಾತು. ಇತ್ತ ಎಲ್ಲರೂ ಕ್ಷೇಮ, ಅತ್ತಲ ಯೋಗಕ್ಷೇಮಕ್ಕೆ ಬರೆಯುವುದು ಎಂದು ಮೊದಲಾಗದ ಕಾರ್ಡು ನಮ್ಮ ಬಾಲ್ಯದಲ್ಲಿ ಮನೆಗೆ ಬಂದದ್ದೇ ಇಲ್ಲ. ಈ ಒಂದು ಪದದಲ್ಲಿ ಎರಡು ಕೆಲಸಗಳು ಅಡಗಿವೆ. ಇಲ್ಲದುದನ್ನು ಸಂಪಾದಿಸುವುದು ಯೋಗ. ಸಂಪಾದಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. 34 ವರ್ಷಗಳ ಕಾಲ ಪ್ರೌಢಶಾಲೆಯ ಮಕ್ಕಳಿಗೆ ಸಂಸ್ಕೃತ ಹೇಳಿಕೊಟ್ಟ ನಾವು ಈ ಅರ್ಥವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದೆವೋ ಲೆಕ್ಕವಿಲ್ಲ. ಮಕ್ಕಳು ಮೊದಲನೆಯದನ್ನು ನೆನಪಿಟ್ಟುಕೊಳ್ಳುತ್ತಿದ್ದರು, ಎರಡನೆಯದನ್ನು ಮರೆಯುತ್ತಿದ್ದರು. ದೊಡ್ಡವರ ಪಾಡೂ ಅದೇ ಎಂಬುದನ್ನು ಒಂದು ದಿನದ ವೃತ್ತಪತ್ರಿಕೆ ನಮಗೆ ಕಲಿಸಿತು.

ಅದು 2022ನೆಯ ಇಸವಿಯ ಜೂನ್ 25ನೆಯ ತಾರೀಖು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಶ್ರೇಷ್ಠ ನ್ಯಾಯಾಲಯವು, 49 ವರ್ಷಗಳ ಹಿಂದೆ ತಾನೇ ಸ್ತ್ರೀಯರಿಗೆ ಮಾನ್ಯಮಾಡಿದ್ದ ಗರ್ಭಪಾತದ ಹಕ್ಕನ್ನು ಹಿಂದಿನ ದಿನ ತಾನೇ ರದ್ದುಪಡಿಸಿತ್ತು. ಬೆಳಗಿನ ಕಾಫಿಯ ಹೊತ್ತಿನಲ್ಲಿ ಈ ಸುದ್ದಿಯನ್ನು ನಾವು ಗಟ್ಟಿಯಾಗಿ ಓದಿದೆವು. ಕೇಳುತ್ತಿದ್ದವರು ನಾಲ್ವರು: ಆಗ 83 ವರ್ಷದವರಾಗಿದ್ದ ನಮ್ಮ ತಾಯಿ, ನಮ್ಮ ಮನೆಯವರು, ತೌರಿಗೆ ಬಂದಿದ್ದ ಮಗಳು, ಮತ್ತು ಸೊಸೆ. ಇಂಥ ವಿಷಯವನ್ನು ಗಂಡಸರ ಮುಂದೆ ಆಡಬಾರದೆಂಬ ಸಂಕೋಚ ನಮ್ಮ ಮನೆಯಲ್ಲಿ ಅದುವರೆಗೆ ಇತ್ತು. ಅಂದು ಅದು ಹೇಗೋ ಕಳಚಿಬಿದ್ದಿತು.

ಮಗಳು ಸಿಟ್ಟಾದಳು. ಹೊರುವವಳು ಒಬ್ಬಳು, ತೀರ್ಮಾನ ಹೇಳುವವರು ಒಂಬತ್ತು ಮಂದಿಯೇ ಎಂಬುದು ಅವಳ ಪ್ರಶ್ನೆ. ನಮ್ಮ ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನು ಹುಟ್ಟುವುದಕ್ಕೆ ಮುಂಚೆ ನನಗೊಂದು ಮೂರು ತಿಂಗಳಿಗೇ ಹೋಯಿತು. ಇಂದಿಗೂ ಅದನ್ನು ಲೆಕ್ಕಕ್ಕೆ ಸೇರಿಸಿಕೊಂಡೇ ನನಗೆ ಮಕ್ಕಳೆಷ್ಟು ಎಂದು ಎಣಿಸುತ್ತೇನೆ. ಅದು ಏನೂ ಅಲ್ಲ ಎಂದು ನನ್ನ ಮುಂದೆ ಯಾರೂ ಹೇಳಬೇಡಿ” ಎಂದರು. ಸೊಸೆ ಸಮಾಧಾನದ ಸ್ವಭಾವದವಳು. “ಅತ್ತೆ, ಅದು ಅವರ ದೇಶದ ಜಗಳ. ನಮ್ಮಲ್ಲಿ 1971ರಲ್ಲೇ ಕಾನೂನಾಗಿದೆ. ನಮಗೇತಕ್ಕೆ ಆ ಚಿಂತೆ?” ಎಂದಳು.

ತಾಯಿಯವರು ಎಲ್ಲವನ್ನೂ ಕೇಳಿಕೊಂಡು ಕೊನೆಗೆ ಮಾತನಾಡಿದರು. ಅವರ ಅಕ್ಕ, ಎಂದರೆ ನಮ್ಮ ದೊಡ್ಡಮ್ಮ, ವಿಷಮಜ್ವರದಿಂದ ತೀರಿಕೊಂಡರೆಂದು ನಾವು ಅರುವತ್ತು ವರ್ಷ ನಂಬಿದ್ದೆವು. ಅದು ಜ್ವರವಲ್ಲವಂತೆ. ನಾಲ್ಕು ಮಕ್ಕಳಾದ ಮೇಲೆ ಐದನೆಯದು ಬಸಿರಾದಾಗ, ಹಿತ್ತಲ ಬಾಗಿಲಿನಿಂದ ಬಂದ ಒಬ್ಬ ಹೆಂಗಸಿನಿಂದ ಆಕೆ ಏನನ್ನೋ ತೆಗೆದುಕೊಂಡರಂತೆ. ಮೂರನೆಯ ದಿನ ಮುಗಿದುಹೋಯಿತಂತೆ. “ಅದು ಪಾಪ ಅಂತಲೇ ನಾನು ಈಗಲೂ ಅನ್ನೋದು. ಆದರೆ ಅಕ್ಕ ಪಾಪಿ ಅಲ್ಲ ಕಣಪ್ಪ” ಎಂದು ಹೇಳಿ ತಾಯಿಯವರು ಎದ್ದು ದೇವರ ಮನೆಗೆ ಹೋದರು.

ಒಂದೇ ಮನೆ, ಒಂದೇ ಒಲೆ, ಒಂದೇ ಆಚಾರ. ಅಭಿಪ್ರಾಯಗಳು ಮಾತ್ರ ನಾಲ್ಕು. ಈ ವಿಷಯವನ್ನು ಸ್ತ್ರೀಯರಿಗೂ ಪುರುಷರಿಗೂ ನಡೆದ ವ್ಯಾಜ್ಯವೆಂದು ಮಾತ್ರ ತಿಳಿದಿದ್ದ ನಾವು ಅಂದಿನಿಂದ ಅದರ ಚರಿತ್ರೆಯನ್ನು ಓದತೊಡಗಿದೆವು. ಓದಿದುದರ ಸಾರವನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲು ಅಮೆರಿಕೆಯ ಸಂಗತಿ. 1973ನೆಯ ಇಸವಿಯ ಜನವರಿ 22ರಂದು ಆ ದೇಶದ ಶ್ರೇಷ್ಠ ನ್ಯಾಯಾಲಯವು ‘ರೋ ವಿರುದ್ಧ ವೇಡ್’ ಎಂಬ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಟೆಕ್ಸಾಸ್ ಸಂಸ್ಥಾನದ ನಿಷೇಧದ ಕಾನೂನು ಬಿದ್ದುಹೋಯಿತು. ಏಳು ಮಂದಿ ನ್ಯಾಯಾಧೀಶರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಒಂಬತ್ತು ಮಂದಿಯೂ ಪುರುಷರೇ. ವಾದಿಸಿದ ವಕೀಲೆ ಸಾರಾ ವೆಡಿಂಗ್ಟನ್ ಅವರಿಗೆ ಮೊದಲ ವಾದದ ಕಾಲದಲ್ಲಿ 26 ವರ್ಷ. ‘ರೋ’ ಎಂಬ ಮರೆಹೆಸರಿನ ಕಕ್ಷಿಗಾರ್ತಿ ನಾರ್ಮಾ ಮೆಕ್‌ಕಾರ್ವಿ. ತೀರ್ಪು ಬರುವುದಕ್ಕೆ ಬಹಳ ಮುಂಚೆಯೇ ಆಕೆ ಹೆತ್ತು, ಮಗುವನ್ನು ದತ್ತು ಕೊಟ್ಟಾಗಿತ್ತು. 1995ರಲ್ಲಿ ಆಕೆ ಎದುರು ಪಕ್ಷವನ್ನು ಸೇರಿ ಗರ್ಭಪಾತದ ವಿರುದ್ಧವಾಗಿಯೇ ಪ್ರಚಾರಕ್ಕೆ ನಿಂತಳು. ಯಾವಳ ಹೆಸರಿನಿಂದ ಹಕ್ಕು ಬಂದಿತೋ ಅವಳೇ ಎರಡು ದಡಗಳಲ್ಲಿಯೂ ನಿಂತಳೆಂದ ಮೇಲೆ, ಉಳಿದ ಹೆಂಗಸರೆಲ್ಲರೂ ಒಂದೇ ದಡದಲ್ಲಿರಬೇಕೆಂದು ಎಣಿಸುವುದು ಹೇಗೆ?

ತೀರ್ಪು ಬಂದೊಡನೆಯೇ ಅದರ ವಿರುದ್ಧವಾದ ಸಂಘಟನೆಯೂ ಬೆಳೆಯಿತು. ಅದರ ನಾಯಕರಲ್ಲಿ ಸ್ತ್ರೀಯರು ಅನೇಕರು. ಹಾರ್ವರ್ಡ್ ವೈದ್ಯಶಾಲೆಯಿಂದ 1951ರಲ್ಲಿ ಪದವಿ ಪಡೆದ ಮಿಲ್ಡ್ರೆಡ್ ಜೆಫರ್ಸನ್ ಅಲ್ಲಿ ಓದಿ ಹೊರಬಂದ ಮೊದಲನೆಯ ಕರಿಯ ಜನಾಂಗದ ಮಹಿಳೆ, ಶಸ್ತ್ರವೈದ್ಯೆ. ಗರ್ಭಸ್ಥ ಶಿಶುವಿನ ಪರವಾಗಿ ಕೆಲಸಮಾಡುವ ರಾಷ್ಟ್ರೀಯ ಸಮಿತಿಗೆ 1975ರಿಂದ ಮೂರು ವರ್ಷ ಆಕೆ ಅಧ್ಯಕ್ಷೆಯಾಗಿದ್ದರು. ಇಂಥವರನ್ನು ಅಜ್ಞಾನಿಗಳೆಂದಾಗಲಿ, ಗಂಡಸರ ಕೈಗೊಂಬೆಗಳೆಂದಾಗಲಿ ತಳ್ಳಿಹಾಕುವುದು ಸುಲಭ. ಆದರೆ ಅದು ನಿಜವಲ್ಲ.

ಕ್ರಿಸ್ಟಿನ್ ಲ್ಯೂಕರ್ ಎಂಬ ಸಮಾಜಶಾಸ್ತ್ರಜ್ಞೆ ಕ್ಯಾಲಿಫೋರ್ನಿಯಾದಲ್ಲಿ ಎರಡೂ ಪಕ್ಷಗಳ ಕಾರ್ಯಕರ್ತೆಯರನ್ನು ಕಂಡು ಮಾತನಾಡಿಸಿ 1984ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಹಕ್ಕನ್ನು ಬಯಸುವವರಲ್ಲಿ ಹೆಚ್ಚಿನವರು ಉಚ್ಚಶಿಕ್ಷಣ ಪಡೆದು ಉದ್ಯೋಗದಲ್ಲಿದ್ದವರು. ವಿರೋಧಿಸುವವರಲ್ಲಿ ಹೆಚ್ಚಿನವರು ಮನೆಯನ್ನೂ ಮಕ್ಕಳನ್ನೂ ಜೀವನದ ಕೇಂದ್ರವನ್ನಾಗಿ ಮಾಡಿಕೊಂಡ ಗೃಹಿಣಿಯರು. ಮಾತೃತ್ವವೆಂಬುದು ಸ್ತ್ರೀಜೀವನದ ಹಲವು ಕಾರ್ಯಗಳಲ್ಲಿ ಒಂದೇ, ಅಥವಾ ಅದೇ ಅದರ ಶಿಖರವೇ ಎಂಬುದು ಅವರೊಳಗಿನ ಆಳವಾದ ಭೇದವೆಂದು ಆಕೆ ಕಂಡುಕೊಂಡರು. ಗರ್ಭಪಾತಕ್ಕೆ ಮುಕ್ತವಾಗಿ ಅವಕಾಶ ಕೊಟ್ಟರೆ ತಾವು ಬಾಳಿದ ಬಾಳಿನ ಬೆಲೆಯೇ ಇಳಿದುಹೋಗುವುದೆಂದು ಒಬ್ಬಾಕೆಗೆ ಭಯ. ಕೊಡದಿದ್ದರೆ ತಾನು ಬಾಳಬೇಕೆಂದಿರುವ ಬಾಳೇ ಕೈತಪ್ಪುವುದೆಂದು ಇನ್ನೊಬ್ಬಾಕೆಗೆ ಭಯ. ಇಬ್ಬರದೂ ಸುಳ್ಳಲ್ಲ.

ಮೂರನೆಯದೂ ಒಂದು ದನಿಯುಂಟು. ಬಡವರಿಗೆ ಸರ್ಕಾರದ ವೈದ್ಯನಿಧಿಯಿಂದ ಗರ್ಭಪಾತದ ವೆಚ್ಚ ಕೊಡಕೂಡದೆಂದು 1976ರಲ್ಲಿ ಅಮೆರಿಕಾದ ಶಾಸನಸಭೆ ನಿರ್ಬಂಧ ಹಾಕಿತು. ಹಣವಿದ್ದವಳಿಗೆ ಹಕ್ಕು ಹಕ್ಕಾಗಿಯೇ ಉಳಿಯಿತು. ಇಲ್ಲದವಳಿಗೆ ಅದು ಕಾಗದವಾಯಿತು. ಹಕ್ಕಿನ ಪರವಾಗಿದ್ದ ಅನುಕೂಲಸ್ಥ ಮಹಿಳೆಯರಲ್ಲಿ ಅನೇಕರಿಗೆ ಇದು ತಮ್ಮ ಮನೆಯ ಕಷ್ಟವಾಗಿ ಕಾಣಲಿಲ್ಲ. 1994ರಲ್ಲಿ ಷಿಕಾಗೋ ನಗರದಲ್ಲಿ ಸೇರಿದ ಕರಿಯ ಜನಾಂಗದ ಕೆಲವು ಮಹಿಳೆಯರು ಬೇರೆಯೊಂದು ಮಾತನ್ನು ಮುಂದಿಟ್ಟರು. ಹೆರದಿರುವ ಹಕ್ಕು ಮಾತ್ರ ಸಾಲದು, ಹೆರುವ ಹಕ್ಕೂ ಹೆತ್ತ ಮಕ್ಕಳನ್ನು ನೆಮ್ಮದಿಯಾಗಿ ಸಾಕುವ ಹಕ್ಕೂ ಬೇಕೆಂದು ಅವರು ಹೇಳಿದರು. ಅವರಿಗೆ ‘ಸಂತಾನನ್ಯಾಯ’ವೆಂದರೆ ಈ ಮೂರೂ ಕೂಡಿದ್ದು.

ಇನ್ನು ಉದಾಸೀನತೆಯ ಕಥೆ. ಸಂಸ್ಕೃತದಲ್ಲಿ ‘ಗಜನಿಮೀಲಿಕಾ’ ಎಂಬ ಮಾತಿದೆ. ಆನೆ ಎದುರಿಗಿರುವುದನ್ನು ಕಂಡೂ ಕಾಣದಂತೆ ಅರೆಗಣ್ಣು ಮುಚ್ಚಿ ನಿಲ್ಲುವುದಕ್ಕೆ ಆ ಹೆಸರು. 1973ರ ತರುವಾಯ ಅಮೆರಿಕಾದ ಒಂದು ಪಕ್ಷವು ಹೆಚ್ಚುಕಡಿಮೆ ಹೀಗೆಯೇ ನಿಂತಿತು. ನ್ಯಾಯಾಲಯವು ಹೇಳಿಯಾಯಿತು, ಇನ್ನೇನು ಎಂಬುದು ಅವರ ಧೈರ್ಯ. 49 ವರ್ಷಗಳಲ್ಲಿ ಒಮ್ಮೆಯೂ ಆ ಹಕ್ಕನ್ನು ಇಡೀ ದೇಶಕ್ಕೆ ಶಾಸನಸಭೆಯ ಕಾನೂನಾಗಿ ಮಾಡಲಾಗಲಿಲ್ಲ. ಮುಂದೆ ಅದೇ ನ್ಯಾಯಾಲಯದ ಪ್ರಸಿದ್ಧ ನ್ಯಾಯಾಧೀಶೆಯಾದ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರು, ಹಕ್ಕಿನ ಪರವಾಗಿಯೇ ಇದ್ದವರು, 1992ರ ಒಂದು ಉಪನ್ಯಾಸದಲ್ಲಿ ಎಚ್ಚರಿಕೆ ಕೊಟ್ಟಿದ್ದರು. ಆ ತೀರ್ಪು ಒಂದೇ ನೆಗೆತಕ್ಕೆ ಬಹುದೂರ ಹೋಯಿತೆಂದೂ, ಹಂತಹಂತವಾಗಿ ಜನಾಭಿಪ್ರಾಯದೊಡನೆ ಬೆಳೆದಿದ್ದರೆ ಅದಕ್ಕೆ ಬುಡ ಗಟ್ಟಿಯಾಗುತ್ತಿತ್ತೆಂದೂ ಅವರ ಭಾವ.

ಎದುರು ಪಕ್ಷದವರಾದರೋ ಒಂದು ದಿನವೂ ನಿದ್ರಿಸಲಿಲ್ಲ. ಪ್ರತಿವರ್ಷ ಜನವರಿಯ ಚಳಿಯಲ್ಲಿ ರಾಜಧಾನಿಯಲ್ಲಿ ಮೆರವಣಿಗೆ ನಡೆಸಿದರು; ಊರೂರಿನ ಸಣ್ಣ ಚುನಾವಣೆಗಳಲ್ಲಿಯೂ ನಿಂತರು; ಯಾರು ನ್ಯಾಯಾಧೀಶರಾಗುತ್ತಾರೆಂಬುದರ ಮೇಲೆ ಕಣ್ಣಿಟ್ಟರು. 2016ರ ಅಧ್ಯಕ್ಷ ಚುನಾವಣೆಯಲ್ಲಿ ಟ್ರಂಪರು ತಾವು ಎಂಥ ನ್ಯಾಯಾಧೀಶರನ್ನು ನೇಮಿಸುವೆವೆಂಬುದನ್ನೂ, ಅದರಿಂದ ಆ ತೀರ್ಪು ತಾನಾಗಿ ಬೀಳುವುದೆಂಬುದನ್ನೂ ಬಹಿರಂಗವಾಗಿಯೇ ಹೇಳಿದ್ದರು. ಮತ ಹಾಕಿ ಹೊರಬಂದವರನ್ನು ವಿಚಾರಿಸಿದಾಗ, ನ್ಯಾಯಾಧೀಶರ ನೇಮಕವೇ ತಮಗೆ ಎಲ್ಲಕ್ಕಿಂತ ಮುಖ್ಯವೆಂದವರು ನೂರಕ್ಕೆ 21 ಮಂದಿ. ಅವರಲ್ಲಿ ಟ್ರಂಪರಿಗೆ ಮತ ಕೊಟ್ಟವರು ನೂರಕ್ಕೆ 56, ಹಿಲರಿ ಕ್ಲಿಂಟನ್ ಅವರಿಗೆ ಕೊಟ್ಟವರು 41. ಹಕ್ಕನ್ನು ಕಳೆಯಬೇಕೆಂದಿದ್ದವರಿಗೆ ನ್ಯಾಯಾಲಯದ ಮಹತ್ವ ತಿಳಿದಿದ್ದಷ್ಟು, ಹಕ್ಕನ್ನು ಅನುಭವಿಸುತ್ತಿದ್ದವರಿಗೆ ತಿಳಿದಿರಲಿಲ್ಲ.

2020ರ ಸೆಪ್ಟೆಂಬರಿನಲ್ಲಿ ಗಿನ್ಸ್‌ಬರ್ಗ್ ಅವರು ತೀರಿಕೊಂಡರು. ಅವರ ಪೀಠಕ್ಕೆ ಬಂದವರೂ ಮಹಿಳೆಯೇ, ಏಮಿ ಕೋನಿ ಬ್ಯಾರೆಟ್. ಗರ್ಭಪಾತವನ್ನು 15 ವಾರಗಳ ಮೇಲೆ ನಿಷೇಧಿಸುವ ಮಿಸಿಸಿಪಿ ಸಂಸ್ಥಾನದ ಕಾನೂನು ನ್ಯಾಯಾಲಯದ ಮುಂದೆ ಬಂದಾಗ, ಆ ಕಾನೂನಿನ ಪರವಾಗಿ ನಿಂತ ಸಂಸ್ಥಾನದ ಮುಖ್ಯ ಕಾನೂನು ಅಧಿಕಾರಿಯೂ ಮಹಿಳೆ, ಲಿನ್ ಫಿಚ್. 2022ರ ಜೂನ್ 24ರ ತೀರ್ಪಿನಲ್ಲಿ ಹಕ್ಕನ್ನು ರದ್ದುಮಾಡಿದವರಲ್ಲಿ ಒಬ್ಬ ಮಹಿಳೆ. ಅದನ್ನು ಖಂಡಿಸಿದ ಮೂವರಲ್ಲಿ ಇಬ್ಬರು ಮಹಿಳೆಯರು. ತೀರ್ಪು ಬರೆದ ನ್ಯಾಯಾಧೀಶರು ಒಂದು ಮಾತನ್ನು ಹೇಳಿದರು: ಸ್ತ್ರೀಯರಿಗೆ ಮತದಾನದ ಬಲವಿದೆ, ಬೇಕಾದರೆ ಅದನ್ನು ಉಪಯೋಗಿಸಲಿ, ಎಂದು. ಮತದಾನಕ್ಕೆ ಬಿಟ್ಟಮೇಲೆ ಬಹುಮತವಿಲ್ಲದ ಕಡೆಯ ಹೆಂಗಸಿನ ಗತಿಯೇನು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಆದರೂ ಮಲಗಿದ್ದವರನ್ನು ಅದು ಎಬ್ಬಿಸಿತು. ಅದೇ ಆಗಸ್ಟ್ 2ರಂದು ಕ್ಯಾನ್ಸಸ್ ಸಂಸ್ಥಾನದಲ್ಲಿ, ಟ್ರಂಪರಿಗೆ ಬಹುಮತ ಕೊಟ್ಟಿದ್ದ ಪ್ರಾಂತದಲ್ಲಿ, ಹಕ್ಕನ್ನು ತೆಗೆಯುವ ಸೂಚನೆಯನ್ನು ನೂರಕ್ಕೆ 59 ಮಂದಿ ತಿರಸ್ಕರಿಸಿದರು. 2023ರಲ್ಲಿ ಓಹಿಯೋ ಸಂಸ್ಥಾನವು ಹಕ್ಕನ್ನು ತನ್ನ ಸಂವಿಧಾನಕ್ಕೇ ಸೇರಿಸಿಕೊಂಡಿತು. 2024ರಲ್ಲಿ ಮಿಸೌರಿಯವರು ಒಂದೇ ದಿನ, ಒಂದೇ ಕಾಗದದ ಮೇಲೆ, ಹಕ್ಕಿಗೂ ಟ್ರಂಪರಿಗೂ ಬಹುಮತ ಕೊಟ್ಟರು. ಫ್ಲೋರಿಡಾದಲ್ಲಿ ನೂರಕ್ಕೆ 57 ಮಂದಿ ಹಕ್ಕನ್ನು ಬಯಸಿದರೂ, ಅಲ್ಲಿ 60 ಬೇಕೆಂಬ ನಿಯಮವಿದ್ದುದರಿಂದ ಅದು ಬೀಳಬೇಕಾಯಿತು. ಹೆಣ್ಣಿನ ಮನಸ್ಸು ಪಕ್ಷಗಳ ಲೆಕ್ಕಕ್ಕೆ ಸಿಕ್ಕುವಂಥದಲ್ಲ, ಗಂಡಿನದೂ ಅಲ್ಲ. ಈ ವಿಷಯದಲ್ಲಿ ಅಲ್ಲಿಯ ಸ್ತ್ರೀಪುರುಷರ ಅಭಿಪ್ರಾಯಗಳಿಗೆ ಇರುವ ಅಂತರ ಸ್ವಲ್ಪವೇ ಎಂದು ಅನೇಕ ವರ್ಷಗಳ ಜನಮತ ಪರೀಕ್ಷೆಗಳು ತೋರಿಸಿವೆ.

ಇಷ್ಟನ್ನು ಓದಿದ ಮೇಲೆಯೂ ಇದು ದೂರದ ಮಾತೆಂದು ವಾಚಕರಿಗೆ ತೋರಬಹುದು. ಆದಕಾರಣ ಬೆಳಗಾವಿಯ ಒಬ್ಬ ಹೆಣ್ಣುಮಗಳನ್ನು ಇಲ್ಲಿ ನೆನೆಯುತ್ತೇವೆ.

ಐರ್ಲೆಂಡ್ ದೇಶದ ಜನರು 1983ರಲ್ಲಿ ತಮ್ಮ ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿಯನ್ನು ಮಾಡಿಕೊಂಡರು. ತಾಯಿಯ ಪ್ರಾಣಕ್ಕೂ ಗರ್ಭಸ್ಥ ಶಿಶುವಿನ ಪ್ರಾಣಕ್ಕೂ ಸಮಾನವಾದ ಹಕ್ಕೆಂಬುದು ಅದರ ತಾತ್ಪರ್ಯ. ಮತ ಹಾಕಿದವರಲ್ಲಿ ನೂರಕ್ಕೆ ಸುಮಾರು 67 ಮಂದಿ ಒಪ್ಪಿದರು. ಮಾತು ಕೇಳಲು ಇಂಪಾಗಿಯೇ ಇದೆ. ಎರಡರಲ್ಲಿ ಒಂದನ್ನೇ ಉಳಿಸಲಾಗುವ ಗಳಿಗೆಯಲ್ಲಿ ವೈದ್ಯನು ಏನು ಮಾಡತಕ್ಕದ್ದೆಂಬುದನ್ನು ಮಾತ್ರ ಅದು ಸ್ಪಷ್ಟಪಡಿಸಲಿಲ್ಲ. 2012ರ ಅಕ್ಟೋಬರಿನಲ್ಲಿ, ಬೆಳಗಾವಿಯಿಂದ ಹೋಗಿ ಅಲ್ಲಿ ನೆಲೆಸಿದ್ದ ದಂತವೈದ್ಯೆ ಸವಿತಾ ಹಾಲಪ್ಪನವರ್, 31 ವರ್ಷದವರು, 17 ವಾರಗಳ ಗರ್ಭಿಣಿ, ಗಾಲ್ವೇ ನಗರದ ಆಸ್ಪತ್ರೆಗೆ ಸೇರಿದರು. ಗರ್ಭ ಉಳಿಯುವುದಿಲ್ಲವೆಂಬುದು ನಿಶ್ಚಯವಾಗಿತ್ತು. ಅದನ್ನು ಬೇಗ ತೆಗೆದುಬಿಡಿರೆಂದು ಆಕೆಯೂ ಪತಿಯೂ ಕೇಳಿಕೊಂಡರು. ಶಿಶುವಿನ ಹೃದಯ ಇನ್ನೂ ಮಿಡಿಯುತ್ತಿದೆ, ಅದು ನಿಲ್ಲುವ ತನಕ ಕಾನೂನು ಬಿಡದು ಎಂಬ ಉತ್ತರ ಬಂದಿತು. ಆ ಮಿಡಿತ ನಿಲ್ಲುವಷ್ಟರಲ್ಲಿ ನಂಜು ತಾಯಿಯ ರಕ್ತವನ್ನು ಸೇರಿತ್ತು. ಅಕ್ಟೋಬರ್ 28ರಂದು ಆಕೆ ತೀರಿಕೊಂಡರು. ಮೊದಲೆರಡು ದಿನಗಳಲ್ಲೇ ಗರ್ಭವನ್ನು ತೆಗೆದಿದ್ದರೆ ಬಹುಮಟ್ಟಿಗೆ ಆಕೆ ಬದುಕುತ್ತಿದ್ದರೆಂದು ತಜ್ಞರೊಬ್ಬರು ವಿಚಾರಣೆಯಲ್ಲಿ ನುಡಿದರು.

ನಮ್ಮ ಆಯುರ್ವೇದದವರು ಗರ್ಭಿಣಿಗೆ ‘ದೌಹೃದಿನಿ’ ಎಂಬ ಹೆಸರನ್ನು ಕೊಟ್ಟಿದ್ದಾರೆ. ಎರಡು ಹೃದಯಗಳುಳ್ಳವಳು ಎಂದು ಅದರ ಅರ್ಥ. ಬಸುರಿಯ ಬಯಕೆಯನ್ನು ತೀರಿಸಬೇಕೆಂಬ ನಮ್ಮ ಮನೆಗಳ ಪದ್ಧತಿಯೂ ಅಲ್ಲಿಂದಲೇ ಬಂದದ್ದು. ಪಾಠ ಹೇಳುವಾಗ ಈ ಪದ ನಮಗೆ ಬಹು ಮಧುರವಾಗಿ ತೋರುತ್ತಿತ್ತು. ಸವಿತಾ ಅವರ ಸಂಗತಿಯನ್ನು ಓದಿದ ಮೇಲೆ ಅದನ್ನು ಮೊದಲಿನಂತೆ ಉಚ್ಚರಿಸಲು ನಮ್ಮಿಂದ ಆಗಿಲ್ಲ. ಒಂದು ಹೃದಯವನ್ನು ಕಾಯುತ್ತ ಕುಳಿತು ಎರಡನ್ನೂ ಕಳೆದುಕೊಂಡರು. ಮೂಢಗರ್ಭದ ಚಿಕಿತ್ಸೆಯನ್ನು ವಿಸ್ತಾರವಾಗಿ ಬರೆದ ಸುಶ್ರುತಾಚಾರ್ಯರು, ಗರ್ಭ ಸತ್ತಿರುವಾಗ ತಡಮಾಡದೆ ಶಸ್ತ್ರದಿಂದ ಅದನ್ನು ತೆಗೆದು ತಾಯಿಯನ್ನು ಉಳಿಸುವ ಕ್ರಮವನ್ನು ಹೇಳುತ್ತಾರೆ. ಜೀವವಿರುವ ಗರ್ಭಕ್ಕೆ ಶಸ್ತ್ರ ಹಾಕಬಾರದೆಂದೂ ಹೇಳುತ್ತಾರೆ. ಇವೆರಡರ ನಡುವೆ ಇರುವ ಕಿರಿದಾದ ದಾರಿಯಲ್ಲಿಯೇ ಆ ಹೆಣ್ಣುಮಗಳು ಸಿಕ್ಕಿಬಿದ್ದದ್ದು. ಪ್ರಾಚೀನರಲ್ಲಿ ಎಲ್ಲಕ್ಕೂ ಉತ್ತರವಿದೆಯೆಂದು ನಾವು ಹೇಳಲಾರೆವು.

ಐರ್ಲೆಂಡಿನ ಸ್ತ್ರೀಯರು ಎರಡು ಪಕ್ಷವಾಗಿಯೇ ವಾದಿಸಿದರು. ಎರಡು ಕಡೆಯ ಪ್ರಚಾರದಲ್ಲಿಯೂ ತಾಯಂದಿರಿದ್ದರು, ವೈದ್ಯೆಯರಿದ್ದರು. ಆದರೆ ಈ ಸಾವಿನ ತರುವಾಯ ಮೌನವಾಗಿದ್ದವರು ಮಾತನಾಡತೊಡಗಿದರು. ಗುಟ್ಟಾಗಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿಬಂದವರು ತಮ್ಮ ಕಥೆಯನ್ನು ತಮ್ಮ ಹೆಸರಿನಲ್ಲಿಯೇ ಹೇಳಿದರು. ಬೆಳಗಾವಿಯಲ್ಲಿದ್ದ ಆಕೆಯ ತಂದೆತಾಯಿಗಳೂ ಆ ಜನರಿಗೆ ಮನವಿ ಮಾಡಿಕೊಂಡರು. 2018ರ ಮೇ 25ರಂದು ನೂರಕ್ಕೆ 66 ಮಂದಿ ಆ ತಿದ್ದುಪಡಿಯನ್ನು ತೆಗೆದುಹಾಕಿದರು. 35 ವರ್ಷಗಳ ಹಿಂದೆ ಮೂರರಲ್ಲಿ ಎರಡು ಪಾಲು ಜನ ಕಟ್ಟಿದ್ದನ್ನು ಮೂರರಲ್ಲಿ ಎರಡು ಪಾಲು ಜನವೇ ಬಿಚ್ಚಿದರು. ಡಬ್ಲಿನ್ ನಗರದ ಒಂದು ಗೋಡೆಯ ಮೇಲೆ ಬರೆದಿದ್ದ ಸವಿತಾ ಅವರ ಚಿತ್ರದ ಸುತ್ತಲೂ ಜನರು ಸಣ್ಣ ಸಣ್ಣ ಚೀಟಿಗಳನ್ನು ಅಂಟಿಸಿದರು. ಕ್ಷಮೆ ಕೇಳಿದ ಚೀಟಿಗಳು ಅವುಗಳಲ್ಲಿ ಎಷ್ಟೋ ಇದ್ದುವು.

ಈಗ ನಮ್ಮ ಮನೆಗೆ ಬರೋಣ. ನಮ್ಮ ಸೊಸೆ ಹೇಳಿದುದು ಸುಳ್ಳಲ್ಲ. 1964ರಲ್ಲಿ ಶಾಂತಿಲಾಲ್ ಶಾ ಅವರ ಅಧ್ಯಕ್ಷತೆಯಲ್ಲಿ ಭಾರತ ಸರ್ಕಾರವು ಒಂದು ಸಮಿತಿಯನ್ನು ನೇಮಿಸಿತು. ಗುಟ್ಟಿನ ಗರ್ಭಪಾತಗಳಿಂದ ಆಗುತ್ತಿದ್ದ ಸಾವುಗಳು ಅದರ ಕಣ್ಣಮುಂದೆ ಇದ್ದುವು. 1971ರಲ್ಲಿ ಕಾನೂನು ಬಂದಿತು. 2021ರ ತಿದ್ದುಪಡಿಯಿಂದ, 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯವೂ, ನಿಯಮಗಳು ಹೆಸರಿಸಿದ ಕೆಲವು ವರ್ಗದ ಸ್ತ್ರೀಯರಿಗೆ 24 ವಾರಗಳವರೆಗೆ ಇಬ್ಬರ ಅಭಿಪ್ರಾಯವೂ ಸಾಕಾಯಿತು. ಅಮೆರಿಕೆಯಲ್ಲಿ ನಡೆದಂಥ ಬೀದಿಯ ಹೋರಾಟವೊಂದೂ ನಮ್ಮಲ್ಲಿ ನಡೆಯಲಿಲ್ಲ. ಬೇಡುವುದಕ್ಕೆ ಮುಂಚೆಯೇ ಬಂದ ವರ ಅದು. ಬೇಡದೆ ಬಂದುದರ ಬೆಲೆ ತಿಳಿಯುವುದು ನಿಧಾನ. ಅದರ ಒಳಗನ್ನು ನೋಡಿದರೆ, ಅದು ವೈದ್ಯರನ್ನು ಶಿಕ್ಷೆಯಿಂದ ಕಾಪಾಡುವ ಕಾನೂನು. ಹೆಣ್ಣಿಗೆ ಇದು ನಿನ್ನ ಹಕ್ಕು ಎಂದು ನೇರವಾಗಿ ಹೇಳುವ ಕಾನೂನಲ್ಲ. ಹೆಣ್ಣು ಭ್ರೂಣವೆಂದು ತಿಳಿದು ತೆಗೆಸುವ ದುಷ್ಕೃತ್ಯಕ್ಕೂ ಇದೇ ಬಾಗಿಲನ್ನು ಬಳಸಿಕೊಂಡವರುಂಟು. ಅದನ್ನು ತಡೆಯಲು 1994ರಲ್ಲಿ ಬೇರೆ ಕಾನೂನು ಮಾಡಬೇಕಾಯಿತು. ಆರು ವರ್ಷದೊಳಗಿನ ಗಂಡುಮಕ್ಕಳು ಸಾವಿರವಿದ್ದರೆ ಹೆಣ್ಣುಮಕ್ಕಳು 1991ರ ಜನಗಣತಿಯಲ್ಲಿ 945, 2001ರಲ್ಲಿ 927. 2023ರಲ್ಲಿಯೂ ಮಂಡ್ಯದ ಸೀಮೆಯ ಒಂದು ಆಲೆಮನೆಯಲ್ಲಿ ಭ್ರೂಣದ ಲಿಂಗಪತ್ತೆ ನಡೆಯುತ್ತಿದ್ದುದನ್ನು ಪೋಲೀಸರು ಬಯಲಿಗೆಳೆದರು. ಬೆಲ್ಲ ಮಾಡುವ ಜಾಗದಲ್ಲಿ ಆ ಕೆಲಸ!

ನಮ್ಮ ದೇಶದ ಮಹಿಳೆಯರಲ್ಲಿಯೂ ಈ ವಿಷಯದಲ್ಲಿ ಭೇದಾಭಿಪ್ರಾಯವುಂಟೆಂಬುದಕ್ಕೆ 2023ರ ಅಕ್ಟೋಬರಿನ ಒಂದು ಪ್ರಸಂಗಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಇಬ್ಬರು ಮಕ್ಕಳ ತಾಯಿಯೊಬ್ಬಳು, ಎರಡನೆಯ ಹೆರಿಗೆಯ ತರುವಾಯ ಮನೋವ್ಯಾಧಿಯಿಂದ ನರಳುತ್ತಿದ್ದವಳು, ಹಾಲುಣಿಸುತ್ತಿದ್ದುದರಿಂದ ಮತ್ತೆ ಬಸಿರಾದುದು ತಿಳಿಯದೆ, 26 ವಾರಗಳಾದ ಮೇಲೆ ನಮ್ಮ ಶ್ರೇಷ್ಠ ನ್ಯಾಯಾಲಯಕ್ಕೆ ಬಂದಳು. ಪೀಠದಲ್ಲಿದ್ದವರು ಇಬ್ಬರೂ ಮಹಿಳೆಯರು: ನ್ಯಾಯಮೂರ್ತಿ ಹಿಮಾ ಕೊಹ್ಲಿ ಮತ್ತು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ. ಇಬ್ಬರೂ ಕೂಡಿ ಮೊದಲು ಅನುಮತಿ ಕೊಟ್ಟರು. ಶಿಶು ಜೀವಂತವಾಗಿ ಹುಟ್ಟುವ ಸಂಭವವಿದೆ, ಹೃದಯವನ್ನು ಮೊದಲೇ ನಿಲ್ಲಿಸಬೇಕೇ ಎಂದು ವೈದ್ಯರು ಕೇಳಿದಾಗ ಅವರ ಅಭಿಪ್ರಾಯ ಒಡೆಯಿತು. ಮಿಡಿಯುವ ಹೃದಯವನ್ನು ನಿಲ್ಲಿಸಲು ತಮ್ಮ ನ್ಯಾಯಪ್ರಜ್ಞೆ ಒಪ್ಪದೆಂದು ಕೊಹ್ಲಿಯವರು. ಆ ತಾಯಿ ದೃಢವಾಗಿ ಮಾಡಿಕೊಂಡ ನಿರ್ಧಾರವನ್ನು ಗೌರವಿಸಬೇಕೆಂದು ನಾಗರತ್ನ ಅವರು. ಕೊನೆಗೆ ಮೂವರ ಪೀಠವು ಅನುಮತಿಯನ್ನು ನಿರಾಕರಿಸಿತು. ಇಬ್ಬರೂ ವಿದುಷಿಯರು, ಇಬ್ಬರೂ ಒಂದೇ ಕಾನೂನನ್ನು ಓದಿದವರು. ನಮ್ಮ ಮನೆಯ ಕಾಫಿಯ ಹೊತ್ತಿನ ವಾದವೇ ಅಲ್ಲಿಯೂ ನಡೆದಂತೆ ನಮಗೆ ತೋರಿತು.

ಅದೇ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ಮನೆಗೆ ಬಂದಳು. ಗಂಡ ಬಿಟ್ಟುಹೋಗಿ ತಿಂಗಳಾಗಿತ್ತು. ಅವಳಿಗೆ ಎರಡು ತಿಂಗಳು. ಒಂದು ಆಸ್ಪತ್ರೆಗೆ ಹೋಗಿ ಕೇಳಿದ್ದಳು. ಗಂಡನ ರುಜು ತಂದರೆ ಮಾತ್ರ ನೋಡುತ್ತೇವೆಂದು ಅಲ್ಲಿ ಹೇಳಿ ಕಳುಹಿಸಿದ್ದರು. ಪ್ರಾಪ್ತವಯಸ್ಕಳಾದ ಹೆಣ್ಣಿಗೆ ಅವಳ ಒಪ್ಪಿಗೆಯೊಂದೇ ಸಾಕೆಂಬುದು ನಮ್ಮ ಕಾನೂನು. ಕಾನೂನಿನಲ್ಲಿಲ್ಲದ ಇಂಥ ಷರತ್ತುಗಳನ್ನು ವೈದ್ಯರು ಹೇರಬಾರದೆಂದು 2022ರ ಸೆಪ್ಟೆಂಬರ್ 29ರಂದು ಶ್ರೇಷ್ಠ ನ್ಯಾಯಾಲಯವೂ ಹೇಳಿತ್ತು. ಮದುವೆಯಾದವಳು, ಆಗದವಳು ಎಂಬ ಭೇದವೂ ಸಲ್ಲದೆಂದು ಅದೇ ತೀರ್ಪು. ಆ ಹುಡುಗಿಗೆ ಇದು ಯಾವುದೂ ತಿಳಿದಿರಲಿಲ್ಲ. ಮೂರು ವರ್ಷ ನಮ್ಮ ಮುಂದೆ ಕುಳಿತು ಯೋಗಕ್ಷೇಮದ ಅರ್ಥವನ್ನು ಬರೆದುಕೊಂಡವಳು ಅವಳು. ತಿಳಿಸಬೇಕಾದವರು ಯಾರು? ‘ನಮ್ಮಲ್ಲಿ ಕಾನೂನಿದೆ’ ಎಂದು ನಿಶ್ಚಿಂತರಾಗಿದ್ದ ನಾವೂ ಗಜನಿಮೀಲಿಕೆಯವರೇ ಎಂಬುದು ಅಂದು ನಮಗೆ ಅರಿವಾಯಿತು. ಸೊಸೆಯ ಮುಖವೂ ಸಣ್ಣದಾಗಿತ್ತು.

ಪಕ್ಕದ ಊರಿನ ಬೇರೊಂದು ಆಸ್ಪತ್ರೆಯಲ್ಲಿ ವಿಚಾರಿಸಿದೆವು. ಯಾರ ರುಜುವನ್ನೂ ಅಲ್ಲಿ ಕೇಳಲಿಲ್ಲ. ಹೋಗುವ ದಿನ ಮಗಳು ಊರಲ್ಲಿರಲಿಲ್ಲ. ನಾವು ಹೋಗುವುದು ಸರಿಯಾಗಿ ಕಾಣದು. ಏನು ಮಾಡುವುದೆಂದು ಯೋಚಿಸುತ್ತಿರುವಾಗ ನಮ್ಮ ಮನೆಯವರು ಸೀರೆ ಬದಲಾಯಿಸಿ ಹೊರಗೆ ಬಂದರು. ಇಂದಿಗೂ ಹೋದ ಗರ್ಭವನ್ನು ಮಕ್ಕಳ ಲೆಕ್ಕಕ್ಕೆ ಸೇರಿಸುವವರು ಅವರು. ನಾವು ಅವರ ಮುಖವನ್ನು ನೋಡಿದೆವು. “ನನ್ನ ಅಭಿಪ್ರಾಯ ನನ್ನದು, ಅದು ಬದಲಾಗಿಲ್ಲ. ಹಾಗಂತ ಆ ಮಗುವನ್ನು ಒಬ್ಬಳನ್ನೇ ಕಳುಹಿಸುವುದು ಹೇಗೆ?” ಎಂದರು. ಬುತ್ತಿಯಲ್ಲಿ ಮೊಸರನ್ನ ಕಟ್ಟಿಕೊಂಡು ಅವಳ ಜೊತೆಗೆ ಬಸ್ಸು ಹತ್ತಿದರು. ಸಂಜೆ ಅವಳನ್ನು ಮನೆಗೇ ಕರೆತಂದು ಮೂರು ದಿನ ಇರಿಸಿಕೊಂಡರು. ನಮ್ಮ ತಾಯಿಯವರು ಅವಳಿಗೆ ಬಿಸಿ ಸಾರು ಬಡಿಸಿದರು, ಏತಕ್ಕೆಂದು ಕೇಳಲಿಲ್ಲ. ಅವರು ಯಾರನ್ನು ನೆನೆಸಿಕೊಂಡರೆಂಬುದು ನಮಗೆ ಗೊತ್ತು.

ಶಾಸ್ತ್ರಗ್ರಂಥಗಳಲ್ಲಿ ‘ಸ್ಥೂಣಾನಿಖನನ ನ್ಯಾಯ’ವೆಂದು ಒಂದುಂಟು. ಚಪ್ಪರದ ಗೂಟವನ್ನು ಒಮ್ಮೆ ನೆಟ್ಟರೆ ಸಾಲದು. ಅಲ್ಲಾಡಿಸಿ ನೋಡಬೇಕು, ಮತ್ತೆ ಬಡಿಯಬೇಕು, ಮತ್ತೆ ಅಲ್ಲಾಡಿಸಬೇಕು. ಹಾಗೆ ಮಾಡಿದಷ್ಟೂ ಅದು ಗಟ್ಟಿಯಾಗುತ್ತದೆ. ವಾದದಲ್ಲಿ ಪೂರ್ವಪಕ್ಷದವನು ಅಲ್ಲಾಡಿಸುವುದೂ ಸಿದ್ಧಾಂತಿಯು ಬಡಿಯುವುದೂ ಎರಡೂ ಗೂಟಕ್ಕೆ ಒಳ್ಳೆಯದೇ ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ಅಮೆರಿಕಾದವರು 1973ರಲ್ಲಿ ಗೂಟವನ್ನು ನೆಟ್ಟು, ಅದರ ನೆರಳಿನಲ್ಲಿ ಮಲಗಿದರು. ಅಲ್ಲಾಡಿಸುವವರು ಮಾತ್ರ ಎಚ್ಚರವಾಗಿದ್ದರು. ನಾವು 1971ರಲ್ಲಿ ನೆಟ್ಟು, ಅದು ಎಲ್ಲಿದೆಯೆಂಬುದನ್ನೇ ಮರೆತೆವು.

ಎಲ್ಲ ಸ್ತ್ರೀಯರೂ ಈ ವಿಷಯದಲ್ಲಿ ಏಕಾಭಿಪ್ರಾಯಕ್ಕೆ ಬರಬೇಕೆಂದು ನಾವು ಬಯಸುವುದಿಲ್ಲ. ನಮ್ಮ ಮನೆಯಲ್ಲಿಯೇ ಅದು ಆಗಿಲ್ಲ. ಗರ್ಭಸ್ಥ ಜೀವಕ್ಕೆ ಬೆಲೆಯಿಲ್ಲವೆಂದು ನಾವು ಹೇಳುವವರೂ ಅಲ್ಲ. ಆದರೆ ಹಿತ್ತಲ ಬಾಗಿಲಿನ ಔಷಧಕ್ಕೆ ದೊಡ್ಡಮ್ಮನನ್ನೂ, ಕಾಯುವ ಕಾನೂನಿಗೆ ಬೆಳಗಾವಿಯ ಮಗಳನ್ನೂ ಒಪ್ಪಿಸಿದ ಮೇಲೆ, ಕೊನೆಯ ಮಾತು ಹೊರುವವಳದಾಗಿರಲಿ ಎಂಬ ನಿಶ್ಚಯಕ್ಕೆ ನಾವು, ತಡವಾಗಿ, ಬಂದಿದ್ದೇವೆ. ಒಪ್ಪದವರು ಒಪ್ಪದೆಯೇ ಇರಲಿ, ವಾದಿಸಲಿ. ವಾಚಕರು ತಮ್ಮ ಮನೆಯ ಹೆಣ್ಣುಮಕ್ಕಳಿಗೆ ಈ ಕಾನೂನಿನಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಸಂಕೋಚವಿಲ್ಲದೆ ತಿಳಿಸಿದರೆ ಅಷ್ಟೇ ಸಾಕು. ಆ ಹುಡುಗಿ ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಯುಗಾದಿಗೆ ಒಂದು ಕಾಗದ ಬರೆದಿದ್ದಳು. ಇತ್ತ ನಾನು ಕ್ಷೇಮ, ತಮ್ಮೆಲ್ಲರ ಯೋಗಕ್ಷೇಮಕ್ಕೆ ಬರೆಯುವುದು ಎಂದು ಅದು ಮೊದಲಾಗಿತ್ತು.